ನನ್ನ ತಂದೆ ಇಟ್ಟ ಲೆಕ್ಕ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಆಯ್ಕೆ ಸಮಿತಿಯ ಸದಸ್ಯೆ ಮಾಡಿದ ಭಾಷಣದ ಬರಹ ರೂಪ)





"ನಿಮ್ಮ ತಂದೆಯವರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಮೇಡಂ, ಮಕ್ಕಳಿಗೆ ಸ್ಫೂರ್ತಿ ಸಿಗುತ್ತದೆ" ಎಂದು ಕಾರ್ಯದರ್ಶಿಗಳು ಫೋನಿನಲ್ಲಿ ಹೇಳಿದರು. ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳಿಗೆ ಇಪ್ಪತ್ತು ನಿಮಿಷ ಎಂದರೆ ಅರ್ಧ ಪೀರಿಯಡ್ಡು. ಹಾಜರಿ ಹಾಕಿ, ಗಲಾಟೆ ಮಾಡುವವರನ್ನು ಸುಮ್ಮನಾಗಿಸುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಆದರೂ ಒಪ್ಪಿಕೊಂಡೆ. ಸ್ಫೂರ್ತಿಯ ಮಾತು ನನಗೆ ಗೊತ್ತಿಲ್ಲ. ಅಬ್ಬಾ ಹೇಗಿದ್ದರೋ ಹಾಗೆ ಹೇಳುತ್ತೇನೆ.

ನಮ್ಮ ಅಬ್ಬಾ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದರು. ರಾಮನಗರ 2007ರಲ್ಲಿ ಜಿಲ್ಲೆಯಾಯಿತು. ನಾನು ಚಿಕ್ಕವಳಿದ್ದಾಗ ಹಳಬರು ಇನ್ನೂ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ನೀವು ರೇಷ್ಮೆ ಸೀರೆ ನೋಡಿರುತ್ತೀರಿ, ಆದರೆ ಆ ನೂಲು ಬರುವ ಮನೆಯೊಳಗೆ ಕಾಲಿಟ್ಟಿರಲಾರಿರಿ. ಹುಳ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡನ್ನು ಕುದಿಯುವ ನೀರಿಗೆ ಹಾಕಬೇಕು. ಅಂಟು ಬಿಟ್ಟ ಮೇಲೆ ಎಳೆಯ ತುದಿ ಹುಡುಕಬೇಕು. ಅದು ಕೂದಲಿಗಿಂತ ತೆಳು. ಹತ್ತಾರು ಗೂಡುಗಳ ತುದಿ ಸೇರಿಸಿದರೆ ಒಂದು ನೂಲು. ಒಂದೊಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ ಇರುತ್ತದೆ, ಅದು ತುಂಡಾಗದ ಹಾಗೆ ಬಿಚ್ಚಿಕೊಂಡು ಬರಬೇಕು. ನಮ್ಮ ಮನೆಯಲ್ಲಿದ್ದದ್ದು ಹಳೆಯ ಕಾಲದ ಚರಕ. ಅದಕ್ಕೆ ಇಬ್ಬರು ಬೇಕು. ಒಬ್ಬರು ಕುದಿಯುವ ಬಾಣಲೆಯ ಮುಂದೆ ಕೂತು ಎಳೆ ಕೊಡುತ್ತಾ ಹೋಗಬೇಕು, ಇನ್ನೊಬ್ಬರು ದಿನವಿಡೀ ಚಕ್ರ ತಿರುಗಿಸಬೇಕು. ಒಂದು ಕಿಲೋ ನೂಲು ಬರಬೇಕಾದರೆ ಆಗ ಹತ್ತು ಕಿಲೋಗಿಂತ ಹೆಚ್ಚು ಗೂಡು ಬೇಕಾಗುತ್ತಿತ್ತು.

ಅಬ್ಬಾ ಬಾಣಲೆಯ ಮುಂದೆ ಕೂರುತ್ತಿದ್ದರು. ಫಜರ್ ನಮಾಜು ಮುಗಿಸಿ ಒಲೆಗೆ ಕಟ್ಟಿಗೆ ತುಂಬಿದರೆ ಬೆಳಕಾಗುವ ಹೊತ್ತಿಗೆ ನೀರು ಕೊತಕೊತ ಕುದಿಯುತ್ತಿತ್ತು. ಬೆರಳು ಅದರೊಳಗೇ. ಪಕ್ಕದಲ್ಲಿ ಒಂದು ಡಬ್ಬಿ ತಣ್ಣೀರು, ಅದರಲ್ಲಿ ಅದ್ದುವುದು, ಮತ್ತೆ ಬಿಸಿನೀರಿಗೆ ಹಾಕುವುದು. ಸಂಜೆ ಹೊತ್ತಿಗೆ ಅವರ ಬೆರಳ ತುದಿಗಳು ನೆನೆಸಿಟ್ಟ ಕಡಲೆಯಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಮಳೆಗಾಲದಲ್ಲಿ ಚರ್ಮ ಸುಲಿದು ಕೀವಾಗುತ್ತಿತ್ತು. ಅಮ್ಮಿ ಅರಿಸಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತಿದ್ದರು. ಬೆಳಿಗ್ಗೆ ಅಬ್ಬಾ ಆ ಬಟ್ಟೆ ಬಿಚ್ಚಿ ಒಲೆಯ ಮುಂದೆ ಕೂರುತ್ತಿದ್ದರು. ವಾಸನೆಯ ವಿಷಯ ಹೇಳುವುದಿಲ್ಲ, ರೇಷ್ಮೆ ಊರಿನವರಿಗೆ ಅದು ಗೊತ್ತು. ಬೆಂದ ಹುಳದ ಆ ವಾಸನೆ ನನ್ನ ಶಾಲೆಯ ಚೀಲದವರೆಗೂ ಬರುತ್ತಿತ್ತು. ಬೆಂಚಿನಲ್ಲಿ ನನ್ನ ಪಕ್ಕದ ಹುಡುಗಿ ಒಂದು ಗೇಣು ಸರಿದು ಕೂರುತ್ತಿದ್ದಳು.

ಗೂಡು ಕಾಯುವುದಿಲ್ಲ. ಅಬ್ಬಾ ದಿನಕ್ಕೆ ನಾಲ್ಕು ಸಲವಾದರೂ ಈ ಮಾತು ಹೇಳುತ್ತಿದ್ದರು. ಬಿಟ್ಟರೆ ಕೆಲವೇ ದಿನದಲ್ಲಿ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಒಮ್ಮೆ ಮಳೆಗೆ ಕಟ್ಟಿಗೆ ಎಲ್ಲಾ ಒದ್ದೆಯಾಗಿ, ಒಲೆ ಹತ್ತದೆ, ಎರಡು ಚೀಲ ಗೂಡು ಹಾಗೇ ಚಿಟ್ಟೆಯಾಗಿಹೋಯಿತು. ಬೆಳಿಗ್ಗೆ ಎದ್ದರೆ ಮನೆ ತುಂಬ ಬಿಳಿ ಚಿಟ್ಟೆ. ನಾವು ಮಕ್ಕಳು ಕುಣಿದೆವು. ಅಬ್ಬಾ ಮೂಲೆಯಲ್ಲಿ ಕೂತಿದ್ದರು. ಆ ಗೂಡು ತಂದಿದ್ದು ಸಾಲದ ಹಣದಲ್ಲಿ.

ನಮ್ಮ ಕಸುಬಿನಲ್ಲಿ ಸಾಲ ಇಲ್ಲದ ಮನೆಯೇ ಇರಲಿಲ್ಲ. ಗೂಡಿಗೆ ರೈತನ ಕೈಗೆ ಅಂದೇ ಹಣ ಎಣಿಸಬೇಕು. ನೂಲು ಮಾರಿ ಹಣ ಬರುವುದು ಆಮೇಲೆ. ನಡುವೆ ವ್ಯಾಪಾರಿ ಮುಂಗಡ ಕೊಡುತ್ತಾನೆ, ಕೊಟ್ಟವನಿಗೇ ಅವನು ಹೇಳಿದ ಬೆಲೆಗೆ ನೂಲು ಹಾಕಬೇಕು. ನೂಲಿಗೆ ತೇವ ಕೊಟ್ಟರೆ ತೂಕ ಬರುತ್ತದೆ. ಕೊಡುವವರು ಇದ್ದರು. ಹಾಗಾಗಿ ವ್ಯಾಪಾರಿ ಎಲ್ಲರ ನೂಲಿಗೂ ತೇವದ ಹೆಸರಿನಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಿದ್ದ. ತೇವ ಕೊಡದವನಿಗೆ ಎರಡು ಪಟ್ಟು ನಷ್ಟ. ಅಬ್ಬಾ ಕೊಡುತ್ತಿರಲಿಲ್ಲ. "ಅವನು ಮುರಿಯುವುದು ಅವನ ಲೆಕ್ಕದಲ್ಲಿ ಇರುತ್ತದೆ" ಎನ್ನುತ್ತಿದ್ದರು. ಒಂದೇ ಒಂದು ಸಲ, ನನ್ನ ತಂಗಿಗೆ ಟೈಫಾಯ್ಡ್ ಆಗಿದ್ದಾಗ, ಒದ್ದೆ ಬಟ್ಟೆ ಸುತ್ತಿ ಇಟ್ಟು ಒಯ್ದರಂತೆ. ಇದನ್ನು ಅವರೇ ನನಗೆ ಹೇಳಿದರು. ಹೇಳದೇ ಇದ್ದರೆ ನನಗೆ ತಿಳಿಯುವ ದಾರಿಯೇ ಇರಲಿಲ್ಲ.

ಚಿಟ್ಟೆಯಾದ ಆ ಎರಡು ಚೀಲದ ಕಥೆ ಪೂರ್ತಿ ಹೇಳಿಬಿಡುತ್ತೇನೆ. ಮುಂದಿನ ಸಲ ಗೂಡಿಗೆ ಅಬ್ಬಾ ಹತ್ತಿರ ಹಣವಿರಲಿಲ್ಲ. ಕನಕಪುರ ಕಡೆಯ ಗೌಡರೊಬ್ಬರು, ಅವರ ಹತ್ತಿರ ಅಬ್ಬಾ ಪೈಸೆ ಪೈಸೆಗೂ ಜಗಳವಾಡಿ ಗೂಡು ತೆಗೆದುಕೊಳ್ಳುತ್ತಿದ್ದವರು, "ತಗೊಂಡೋಗಿ ಸಾಬ್ರೇ, ನೂಲು ಮಾರಿದ ಮೇಲೆ ಕೊಡೀರಂತೆ" ಎಂದು ಚೀಲ ಎತ್ತಿ ಸೈಕಲ್ಲಿಗೆ ಕಟ್ಟಿದರು. ರೈತ ಗೂಡನ್ನು ಸಾಲ ಕೊಡುವುದು ಸಣ್ಣ ಮಾತಲ್ಲ. ಅವರಿಗೂ ಹಿಪ್ಪುನೇರಳೆ ಸೊಪ್ಪಿಗೆ ಸಾಲವಿರುತ್ತದೆ. ಆ ಹಣ ತೀರಿಸಿದ ಮರುವಾರ ಅಬ್ಬಾ ಮತ್ತೆ ಅವರ ಜೊತೆ ಎಂದಿನಂತೆ ಚೌಕಾಸಿ ಮಾಡಿದರು. ಅಮ್ಮಿ ಬೈದರು. "ಅದು ಉಪಕಾರ, ಇದು ವ್ಯಾಪಾರ. ಬೆರೆಸಿದರೆ ಎರಡೂ ಕೆಡುತ್ತವೆ" ಅಂದರು ಅಬ್ಬಾ.

ಅಬ್ಬಾಗೆ ಕುರ್‌ಆನ್ ಓದಲು ಬರುತ್ತಿತ್ತು. ಕನ್ನಡ, ಉರ್ದು ಬರೆಯಲು ಬರುತ್ತಿರಲಿಲ್ಲ. ಲೆಕ್ಕವೆಲ್ಲ ಗೋಡೆಯ ಮೇಲೆ, ಇದ್ದಿಲಿನಲ್ಲಿ. ಹತ್ತು ರೂಪಾಯಿಗೆ ಒಂದು ಉದ್ದ ಗೆರೆ, ರೂಪಾಯಿಗೆ ಒಂದು ಚುಕ್ಕಿ. ಕೊಟ್ಟ ಮೇಲೆ ಅಡ್ಡ ಗೆರೆ. ನಾನು ಎರಡನೇ ತರಗತಿಯಲ್ಲಿದ್ದಾಗ ಒಂದು ದಿನ ಆ ಗೋಡೆಯ ಮುಂದೆ ನಿಂತು ಎಲ್ಲ ಕೂಡಿ, ಸ್ಲೇಟಿನಲ್ಲಿ ಬರೆದು ತೋರಿಸಿದೆ. ಅಬ್ಬಾ ಮೂರು ಸಲ ಗೋಡೆ ನೋಡಿದರು, ಮೂರು ಸಲ ಸ್ಲೇಟು ನೋಡಿದರು. ಆವತ್ತಿನಿಂದ ಲೆಕ್ಕ ಬರೆಯುವವಳು ನಾನಾದೆ. ಆದರೂ ಗೋಡೆಯ ಗೆರೆ ಬಿಡಲಿಲ್ಲ. ಪುಸ್ತಕ ಮುಚ್ಚಿದರೆ ಸಾಲ ಕಾಣುವುದಿಲ್ಲ, ಗೋಡೆ ಆದರೆ ಮಲಗಿದಾಗಲೂ ಕಾಣುತ್ತದೆ ಎನ್ನುತ್ತಿದ್ದರು. ರಂಜಾನ್ ಮುಂಚೆ ಮನೆಗೆ ಸುಣ್ಣ ಹೊಡೆಯುವಾಗ ತೀರದ ಸಾಲದ ಮೇಲೆ ಸುಣ್ಣ ಬೀಳುವಂತಿರಲಿಲ್ಲ. ಸುತ್ತಲೂ ಬೆಳ್ಳಗೆ, ನಡುವೆ ಒಂದು ಕರಿ ತೇಪೆ. ಹಬ್ಬಕ್ಕೆ ಬಂದ ನೆಂಟರು ನೋಡಿ ನಗುತ್ತಿದ್ದರು.

ಇಲ್ಲಿಯವರೆಗೆ ಹೇಳಿದ್ದನ್ನು ನಾನು ಎಷ್ಟೋ ಶಾಲೆಗಳಲ್ಲಿ, ಎಷ್ಟೋ ಸಲ ಹೇಳಿದ್ದೇನೆ. ಇನ್ನು ಮುಂದಿನದನ್ನು ಸಭೆಯಲ್ಲಿ ಹೇಳುತ್ತಿರುವುದು ಇದೇ ಮೊದಲು. ಅಣ್ಣನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

ಚರಕಕ್ಕೆ ಇಬ್ಬರು ಬೇಕು ಎಂದೆನಲ್ಲ, ಆ ಎರಡನೆಯವನು ನಮ್ಮಣ್ಣ. ನನಗಿಂತ ನಾಲ್ಕು ವರ್ಷ ದೊಡ್ಡವರು. ಮೊದಲು ಕೂಲಿಗೆ ಒಬ್ಬ ಹುಡುಗ ಇದ್ದ, ಚಿಟ್ಟೆಯಾದ ವರ್ಷ ಅವನಿಗೆ ಕೂಲಿ ಕೊಡಲು ಆಗಲಿಲ್ಲ. 1964. ಅಣ್ಣ ನಾಲ್ಕನೇ ತರಗತಿ. "ಒಂದು ತಿಂಗಳು ಮಾತ್ರ" ಎಂದರು ಅಬ್ಬಾ. ಒಂದು ತಿಂಗಳಾದ ಮೇಲೆ ಮೇಷ್ಟ್ರು ಮನೆಗೆ ಬಂದು ಕೇಳಿದರು. ಇನ್ನೊಂದು ತಿಂಗಳು ಎಂದರು. ಮೇಷ್ಟ್ರು ಮತ್ತೆ ಬರಲಿಲ್ಲ. ಅಣ್ಣ ಶಾಲೆಗೆ ಹೋಗಲಿಲ್ಲ. ಅಷ್ಟೇ ಕಥೆ. ಅಳಲಿಲ್ಲ, ಗಲಾಟೆಯೂ ಆಗಲಿಲ್ಲ. ಅವರ ಸ್ಲೇಟು ನನಗೆ ಬಂತು. ಅಬ್ಬಾ ಗೋಡೆ ಲೆಕ್ಕ ಮಾಡಿ ತೋರಿಸಿದ್ದು ಅದೇ ಸ್ಲೇಟಿನಲ್ಲಿ.

ನಾನು ಹೈಸ್ಕೂಲಿನಲ್ಲಿದ್ದಾಗ ರಾಮನಗರದ ಬೆಟ್ಟಗಳಲ್ಲಿ ಶೋಲೆ ಸಿನಿಮಾದ ಶೂಟಿಂಗ್ ನಡೆಯಿತು. ಇಡೀ ಊರು ಬೆಟ್ಟದ ಕಡೆ. ಅಣ್ಣನಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಒಂದು ದಿನ ರಜಾ ಕೇಳಿದರು. ಗೂಡು ಕಾಯುವುದಿಲ್ಲ ಎಂದರು ಅಬ್ಬಾ. ಶೂಟಿಂಗ್ ತಿಂಗಳುಗಟ್ಟಲೆ ನಡೆದರೂ ಅಣ್ಣ ನೋಡಲಿಲ್ಲ. ನಾನು ನೋಡಿದೆ. ಶಾಲೆ ತಪ್ಪಿಸಿ ಗೆಳತಿಯರ ಜೊತೆ ಹೋಗಿದ್ದೆ. ಮನೆಯಲ್ಲಿ ಹೇಳಲಿಲ್ಲ.

1979ರಲ್ಲಿ ನನ್ನ ಬಿ.ಎ. ಮುಗಿಯಿತು. ಮೈಸೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಿತು, ಇರಲು ಖಾಲಾ ಮನೆ ಇತ್ತು, ಫೀಸಿಗೆ ಹಣವಿರಲಿಲ್ಲ. ಊರಿನ ಹಿರಿಯರೊಬ್ಬರು ತಾವಾಗಿ ಎಂಟುನೂರು ರೂಪಾಯಿ ತಂದುಕೊಟ್ಟರು. "ಇದು ಜಕಾತಿನ ಹಣ, ವಾಪಸು ಬೇಡ" ಎಂದರು. ಅಬ್ಬಾ ಒಪ್ಪಲಿಲ್ಲ. "ಜಕಾತ್ ಹಕ್ಕುದಾರರದು. ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿದೆ. ಕರ್ಜೆ ಹಸನಾ ಎಂದು ಕೊಟ್ಟರೆ ತಗೋತೀನಿ" ಎಂದರು. ಹಿರಿಯರು ವಾದಿಸಿ ಸೋತು, ಬೇರೆ ಹಣ ತಂದು ಕೊಟ್ಟರು. ಗೋಡೆಯ ಮೇಲೆ ಎಂಬತ್ತು ಗೆರೆ ಬಂತು. ತಿಂಗಳಿಗೆ ಒಂದು ಗೆರೆ, ಕೆಲವು ತಿಂಗಳು ಎರಡು, ಕೆಲವು ತಿಂಗಳು ಒಂದೂ ಇಲ್ಲ. 1984ರಲ್ಲಿ ನನಗೆ ಸರ್ಕಾರಿ ಕೆಲಸವಾಗಿ, ಮೊದಲ ಸಂಬಳದಲ್ಲಿ ಉಳಿದದ್ದು ತೀರಿಸುತ್ತೇನೆ ಎಂದರೆ ಬೇಡ ಎಂದರು. 1985ರ ರಂಜಾನಿಗೆ ಆ ಗೋಡೆಗೆ ಪೂರ್ತಿ ಸುಣ್ಣವಾಯಿತು. ಆ ಹಿರಿಯರು ಹತ್ತು ಹತ್ತು ರೂಪಾಯಿಯನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದು, ಕೊನೆಗೆ ಇನ್ನೊಬ್ಬ ಹುಡುಗನ ಐ.ಟಿ.ಐ. ಓದಿಗೆ ಕೊಟ್ಟರೆಂದು ಆಮೇಲೆ ಗೊತ್ತಾಯಿತು.

ಇಲ್ಲಿ ಒಂದು ಮಾತು. ಅಬ್ಬಾ ಮಾಡಿದ್ದು ಸರಿ, ನೀವೂ ಹಾಗೇ ಮಾಡಿ ಎಂದು ನಾನು ಪೋಷಕರಿಗೆ ಹೇಳುವುದಿಲ್ಲ. ಅರ್ಹರು ಯಾರೆಂದು ಸೂರೆ ತೌಬಾದಲ್ಲಿ ಎಂಟು ವರ್ಗಗಳನ್ನು ಹೇಳಿದೆ, ಸಾಲದಲ್ಲಿ ಸಿಕ್ಕಿಕೊಂಡವರೂ ಅದರಲ್ಲಿದ್ದಾರೆ. ನನ್ನ ಲೆಕ್ಕದಲ್ಲಿ ನಮ್ಮ ಮನೆ ಅದಕ್ಕೆ ಅರ್ಹವಾಗಿಯೇ ಇತ್ತು. ಅಬ್ಬಾ ಆ ಎಂಟುನೂರನ್ನು ಜಕಾತ್ ಎಂದೇ ತೆಗೆದುಕೊಂಡಿದ್ದರೆ, ಆ ಆರು ವರ್ಷದಲ್ಲಿ ತಿಂಗಳಿಗೆ ಹತ್ತು ರೂಪಾಯಿ ಅಣ್ಣನ ಕೈಗೆ ಬರುತ್ತಿತ್ತು. ಅಣ್ಣನಿಗೆ ಆಗ ಮದುವೆಯಾಗಿ ಎರಡು ಮಕ್ಕಳು. ಅಬ್ಬಾರ ಸ್ವಾಭಿಮಾನದ ಬೆಲೆಯಲ್ಲಿ ಅರ್ಧ ಅಣ್ಣನೂ ಕೊಟ್ಟರು, ಅವರನ್ನು ಯಾರೂ ಕೇಳಿರಲಿಲ್ಲ. ಚೆಕ್ಕು ತೆಗೆದುಕೊಳ್ಳುವಾಗ ತಲೆ ತಗ್ಗಿಸುವ ತಾಯಂದಿರನ್ನು ಇಲ್ಲಿ ನೋಡುತ್ತೇನೆ, ಅದಕ್ಕೇ ಇದನ್ನು ಹೇಳಿದೆ. ದಾನಿಗಳಿಗೂ ಒಂದು ವಿನಂತಿ: ಆ ಹಿರಿಯರು ನಮ್ಮ ಮನೆಗೆ ಬಂದದ್ದು ಕತ್ತಲಾದ ಮೇಲೆ, ಒಬ್ಬರೇ. ಫೋಟೋ ತೆಗೆಯುವ ಕಾಲವಲ್ಲ, ಅದು ಬೇರೆ.

ತೊಂಬತ್ತರ ದಶಕದಿಂದ ಚೀನಾ ರೇಷ್ಮೆ ಬರತೊಡಗಿ, ನಮ್ಮ ನೂಲಿನ ಬೆಲೆ ಏರುಪೇರಾಗಿ ಎಷ್ಟೋ ಸಣ್ಣ ಮನೆಗಳ ಒಲೆ ಆರಿತು. ನಮ್ಮದೂ ಆರಿತು. ಅಣ್ಣ ಬೇರೆಯವರ ಕಾರ್ಖಾನೆಗೆ ಕೂಲಿಗೆ ಹೋದರು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯವರು ಭಾರತದ ರೇಷ್ಮೆ ಉದ್ಯಮದಲ್ಲಿ ದುಡಿಯುವ ಮಕ್ಕಳ ಬಗ್ಗೆ ವರದಿ ತಂದರು, ಅದರಲ್ಲಿ ಕರ್ನಾಟಕದ ಮಕ್ಕಳೂ ಇದ್ದರು. ಪತ್ರಿಕೆಯಲ್ಲಿ ಓದಿ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಛೆ ಛೆ ಎಂದರು. "ಎಂಥ ತಂದೆ ತಾಯಿ ಇರಬಹುದು" ಎಂದರು ಒಬ್ಬರು. ನಾನು ಟೀ ಕುಡಿಯುತ್ತಾ ಕೂತಿದ್ದೆ. ನನ್ನ ಅಬ್ಬಾ ಎಂದು ಹೇಳಲು ಬಾಯಿ ಬರಲಿಲ್ಲ.

ಆಧಾರ್ ಕಾರ್ಡ್ ಮಾಡಿಸಲು 2012ರಲ್ಲಿ ಅಬ್ಬಾರನ್ನು ಕರೆದುಕೊಂಡು ಹೋದೆವು. ಎಂಬತ್ತು ದಾಟಿತ್ತು. ಯಂತ್ರದ ಮೇಲೆ ಬೆರಳಿಟ್ಟರೆ ಗೆರೆಯೇ ಬರಲಿಲ್ಲ. ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿದ, ಒತ್ತಿ ಹಿಡಿದ, ಒಂದೊಂದೇ ಬೆರಳು ಪ್ರಯತ್ನಿಸಿದ. ಇಲ್ಲ. ಐವತ್ತು ವರ್ಷದ ಬಿಸಿನೀರು ಬೆರಳ ಗೆರೆಯನ್ನೆಲ್ಲ ತಿಂದುಹಾಕಿತ್ತು. ಕೊನೆಗೆ ಕಣ್ಣಿನ ಗುರುತು ತೆಗೆದುಕೊಂಡರು. ಮುಂದೆ ಅಣ್ಣನ ಸರದಿ. ಅಣ್ಣನ ಬೆರಳೂ ಸರಿಯಾಗಿ ಬರಲಿಲ್ಲ. ಚಕ್ರ ತಿರುಗಿಸುವುದು ಬಿಟ್ಟ ಮೇಲೆ ಅವರೂ ಬಾಣಲೆಯ ಮುಂದೆಯೇ ಕೂತಿದ್ದರಲ್ಲ. ನನ್ನದು ಮೊದಲ ಸಲಕ್ಕೇ ಬಂತು, ಹತ್ತೂ ಬೆರಳು.

ಆ ರಾತ್ರಿ ಅಬ್ಬಾ ನನ್ನನ್ನು ಕರೆದರು. "ಬೇಟಾ, ಒಂದು ಲೆಕ್ಕ ಬರಿ" ಅಂದರು. ಏನು ಎಂದೆ. "ನಿನ್ನ ಅಣ್ಣನದು. ಚಕ್ರ ತಿರುಗಿಸುವ ಹುಡುಗನಿಗೆ ಆಗ ದಿನಕ್ಕೆ ಎಂಟಾಣೆ ಕೊಡುತ್ತಿದ್ದೆವು. ವರ್ಷಕ್ಕೆ ಮುನ್ನೂರು ದಿನ ಹಾಕು." ನೂರೈವತ್ತು ರೂಪಾಯಿ ಎಂದೆ. "ಹಾಗೇ ವರ್ಷ ವರ್ಷಕ್ಕೆ ಬರಿ, ಕೂಲಿ ಏರಿದ ಹಾಗೆ ಏರಿಸು." ಬರೆಯುತ್ತಾ ಹೋದೆ. ಕೂಡಿ ಮೊತ್ತ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ಬರೀ ಕೂಲಿ ಆಯ್ತು. ಓದಿನದು?" ಎಂದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಗಣಿತ ಪಾಠ ಮಾಡಿದವಳು ನಾನು.

ಪಕ್ಕದ ಕೋಣೆಯಿಂದ ಅಣ್ಣ ಕೇಳಿಸಿಕೊಂಡಿದ್ದರು. ಬಾಗಿಲಲ್ಲಿ ನಿಂತು, "ಅಬ್ಬಾ, ಅದೆಲ್ಲ ಬೇಡ. ನೀವು ಕೊಡಬೇಕಾದ್ದು ಒಂದು ದಿನ ರಜಾ ಮಾತ್ರ. ಅಮಿತಾಭ್ ಬಚ್ಚನ್‌ನ ನೋಡಬೇಕಿತ್ತು" ಎಂದರು. ಅಬ್ಬಾ ನಕ್ಕರು. ನಗುತ್ತಾ ನಗುತ್ತಾ ಅತ್ತರು. ಎಂಟುನೂರು ರೂಪಾಯಿಗೆ ಎಂಬತ್ತು ಗೆರೆ ಎಳೆದವರು ಮಗನ ಹೆಸರಿಗೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಹೊರಗಿನವರ ಸಾಲವಷ್ಟೇ ಸಾಲ ಎಂದುಕೊಂಡಿದ್ದರು, ಮನೆಯೊಳಗಿನದು ಕಾಣಲಿಲ್ಲ. ನನಗೂ ಕಾಣಲಿಲ್ಲ, ಲೆಕ್ಕದ ಪುಸ್ತಕ ನನ್ನ ಕೈಯಲ್ಲೇ ಇತ್ತು. ಮರುವರ್ಷ ಅಬ್ಬಾ ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್‌ಫಿರತ್ ನೀಡಲಿ.

ಈಗ ಕೆಲಸದ ಮಾತು. ಮೂರು ವರ್ಷದಿಂದ ಈ ಟ್ರಸ್ಟಿನ ಅರ್ಜಿಗಳನ್ನು ನೋಡುತ್ತಿದ್ದೇನೆ. ಅಂಕಪಟ್ಟಿ ಇರುತ್ತದೆ, ಆದಾಯ ಪ್ರಮಾಣಪತ್ರ ಇರುತ್ತದೆ. ಮನೆಗೆ ಭೇಟಿ ಕೊಟ್ಟಾಗ ಬೇರೆಯೇ ಕಾಣುತ್ತದೆ. ಮಗಳು ಪಿಯುಸಿಯಲ್ಲಿ ತೊಂಬತ್ತು ಪರ್ಸೆಂಟ್ ತೆಗೆದಿರುತ್ತಾಳೆ, ಅವಳ ಅಣ್ಣ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಿರುತ್ತಾನೆ. ಇನ್ನೊಂದು ಕಡೆ ಹುಡುಗ ಡಿಪ್ಲೊಮಾ, ಅಕ್ಕ ಏಳನೇ ತರಗತಿಗೇ ಬಿಟ್ಟು ಬೀಡಿ ಕಟ್ಟುತ್ತಿರುತ್ತಾಳೆ. 2010ರಿಂದ ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಮಕ್ಕಳ ಹಕ್ಕು ಎಂದು ಕಾನೂನಿದೆ. ಹದಿನೈದಾದ ಮೇಲಿನವರ ಮಾತು ಯಾರೂ ಎತ್ತುವುದಿಲ್ಲ. ನಾವು ಓದುವವರ ಹೆಸರು ಮಾತ್ರ ಕೇಳುತ್ತೇವೆ, ಓದು ಬಿಟ್ಟವರ ಹೆಸರು ನಮ್ಮ ಅರ್ಜಿಯಲ್ಲಿ ಬರೆಯಲು ಜಾಗವೇ ಇಲ್ಲ.

ಹಾಗಾಗಿ ಸಮಿತಿಯ ಮುಂದೆ ಒಂದು ವಿಷಯ ಇಟ್ಟೆ. ಅಧ್ಯಕ್ಷರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಈ ಸಲದ ಅರ್ಜಿಯ ಎರಡನೇ ಪುಟದ ಕೊನೆಯಲ್ಲಿ ಹೊಸ ಅಂಕಣವಿದೆ: "ಈ ಮನೆಯಲ್ಲಿ ಓದು ನಿಲ್ಲಿಸಿದ ಮಕ್ಕಳ ಹೆಸರು, ವಯಸ್ಸು, ಯಾವ ತರಗತಿಗೆ ನಿಂತಿತು." ಪೋಷಕರು ದಯವಿಟ್ಟು ಅದನ್ನು ಖಾಲಿ ಬಿಡಬೇಡಿ. ಬರೆದರೆ ಅರ್ಜಿ ತಿರಸ್ಕಾರವಾಗುತ್ತದೆ ಎಂಬ ಹೆದರಿಕೆ ಬೇಡ, ಆಗುವುದಿಲ್ಲ. ಮುಕ್ತ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಬಹುದಾದವರಿಗೆ ಪರೀಕ್ಷಾ ಶುಲ್ಕವನ್ನೂ ಪುಸ್ತಕದ ಖರ್ಚನ್ನೂ ಕೊಡಲು ಸದ್ಯಕ್ಕೆ ಒಂದು ಸಣ್ಣ ಮೊತ್ತ ಬೇರೆ ಇಟ್ಟಿದ್ದೇವೆ. ನನ್ನ ಪಿಂಚಣಿಯಿಂದ ಒಂದಿಷ್ಟು ಅದಕ್ಕೆ ಹಾಕಿದ್ದೇನೆ. ಆ ಮೊತ್ತ ಸಾಲದು, ದಾನಿಗಳು ಗಮನಿಸಬೇಕು. ಭಾನುವಾರ ಬೆಳಿಗ್ಗೆ ಪಾಠ ಹೇಳಲು ನಾನಿದ್ದೇನೆ, ಇನ್ನಿಬ್ಬರು ನಿವೃತ್ತ ಶಿಕ್ಷಕರು ಒಪ್ಪಿದ್ದಾರೆ. ವಿಜ್ಞಾನಕ್ಕೆ ಒಬ್ಬರು ಬೇಕಾಗಿದ್ದಾರೆ.

ಅಣ್ಣ ಇವತ್ತು ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿದ್ದಾರೆ. ಮುಂದೆ ಬನ್ನಿ ಎಂದರೆ ಬರಲಿಲ್ಲ. ಕತ್ತಲಾಗುವ ಮುಂಚೆ ಊರು ಸೇರಬೇಕಂತೆ, ಆಗಲೇ ಎರಡು ಸಲ ಗಡಿಯಾರ ತೋರಿಸಿದರು.